ಓಣಿಗೆಲ್ಲ ಒಂದೇ ಆಮೆನ್

ಜೆರುಸಲೇಮಿನ ಮಹಾನೆ ಯೆಹೂದಾ ಮಾರುಕಟ್ಟೆಯ ಬೆನ್ನಿಗೆ, ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆಗೆ ಬೆರಳು ತಗಲುವಂಥ ಒಂದು ಓಣಿ. ಅಲ್ಲಿ ಸಲ್ಹಾ ಅಜ್ಜಿಯನ್ನು ಯಾರೂ ಮನೆ ನಂಬರು ಕೇಳಿ ಹುಡುಕುತ್ತಿರಲಿಲ್ಲ. ಒಂದು ಲೋಟ ನೀರು ಹಿಡಿದು ಓಣಿಯ ಬಾಯಲ್ಲಿ ನಿಂತು, ಕುಡಿಯುವ ಮುಂಚೆ ಹೇಳಬೇಕಾದ ಸ್ತುತಿಯನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಸಾಕು. ಯಾವ ಕಿಟಕಿಯಿಂದ "ಆಮೆನ್!" ಎಂದು ಕೇಳಿಸುತ್ತದೋ ಅದೇ ಅವಳ ಮನೆ.

ಅದು ಅಂತಿಂಥ ಆಮೆನ್ ಅಲ್ಲ. ಹೊಟ್ಟೆಯಿಂದ ಹೊರಟು, ಎದೆಯಲ್ಲಿ ಒಂದು ಗಳಿಗೆ ಕೂತು, ಬಾಯಿಗೆ ಬರುವಷ್ಟರಲ್ಲಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ಅಲ್ಲಾಡಿಸುವಂಥದ್ದು. ಎದುರಿನ ತರಕಾರಿ ಅಂಗಡಿಯವನು ಸೌತೆಕಾಯಿ ಕಚ್ಚುವ ಮೊದಲು ಸ್ತುತಿ ಹೇಳಿ ಅವಳ ಕಿಟಕಿಯ ಕಡೆ ಕಣ್ಣು ಹಾಯಿಸುತ್ತಿದ್ದ. "ಅಜ್ಜಿ ಆಮೆನ್ ಇಲ್ದೆ ತಿಂದ್ರೆ ಉಪ್ಪಿಲ್ದೆ ತಿಂದಂಗಿರುತ್ತೆ" ಅನ್ನುವುದು ಅವನ ಮಾತು.

ಪೋಲೆಂಡ್ ಮೂಲದವರ ಮನೆಯಿಂದ ಸೊಸೆಯಾಗಿ ಬಂದ ಓರ್ಲಿ, ಓಣಿಯ ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ಪರದೆ ಕಟ್ಟಿದ ಹೆಂಗಸರ ಅಟ್ಟದ ಮೇಲೆ ಅತ್ತೆಯ ಪಕ್ಕ ಕೂತು ಮೊದಲ ಸಲ ಈ ಆಮೆನ್ ಕೇಳಿದಾಗ ಬೆಚ್ಚಿಬಿದ್ದು ಕೈಲಿದ್ದ ಪುಸ್ತಕವನ್ನೇ ಬೀಳಿಸಿದ್ದಳು. ಅದು ಪರದೆಯ ಸಂದಿಯಿಂದ ಜಾರಿ, ಕೆಳಗೆ ಗಂಡಸರ ನಡುವೆ ನಿಂತಿದ್ದ ಗಬ್ಬಾಯಿ ನಹೂಮನ ಟೋಪಿಯ ಮೇಲೆ ಬಿತ್ತು. ಗಬ್ಬಾಯಿ ಅಂದರೆ ಮಂದಿರದ ಬೀಗದ ಕೈ, ಫ್ಯಾನಿನ ಸ್ವಿಚ್ಚು, ಯಾರಿಗೆ ಯಾವ ಗೌರವ ಎಂಬ ಪಟ್ಟಿ, ಎಲ್ಲ ಇಟ್ಟುಕೊಂಡಿರುವ ಮನುಷ್ಯ. ಅವನು ಮೇಲೆ ನೋಡಿದ. ಅಟ್ಟದ ಹೆಂಗಸರು ಓರ್ಲಿಯ ಬೆನ್ನು ಸವರಿದರು: "ಪಾಪ, ಅವರ ಕಡೆ ದೇವರ ಹತ್ರಾನೂ ಪಿಸುಪಿಸು ಅಂತಲೇ ಮಾತಾಡೋದಂತೆ."

ಸಲ್ಹಾಳಿಗೆ ಓದು ಬರುತ್ತಿರಲಿಲ್ಲ. ಎಂಟು ವರ್ಷದವಳಿದ್ದಾಗ ಕುರ್ದಿಸ್ತಾನದ ಝಾಖೋದಿಂದ ಮನೆಮಂದಿಯ ಜೊತೆ ವಿಮಾನ ಹತ್ತಿ ಬಂದವಳು. ಅವಳ ಅವ್ವ ಲಂಗದೊಳಗೆ ಒಂದು ಕೋಳಿಯನ್ನು ಬಚ್ಚಿಟ್ಟುಕೊಂಡಿದ್ದಳು. ಅದು ಮೋಡಗಳ ನಡುವೆ ಮೊಟ್ಟೆಯಿಟ್ಟಿತು. ಯಾರಿಗೂ ಹೇಳುವ ಹಾಗಿಲ್ಲ, ಏಳುವ ಹಾಗೂ ಇಲ್ಲ. ವಿಮಾನ ಇಳಿದು ಎಲ್ಲರೂ ನೆಲಕ್ಕೆ ಮುತ್ತಿಡುತ್ತಿದ್ದರೆ ಅವ್ವ ಮಾತ್ರ ಸೀಟಿನಲ್ಲೇ ಕೂತಿದ್ದಳು. ಆಮೇಲೆ ಡೇರೆಗಳ ಬಿಡಾರ, ಕೆಸರು, ಸರದಿಯ ಸಾಲು. ಬೇರೆ ಮಕ್ಕಳು ಅಕ್ಷರ ತಿದ್ದುವ ಹೊತ್ತಿಗೆ ಸಲ್ಹಾ ನಾಲ್ಕು ಜನ ತಮ್ಮ ತಂಗಿಯರ ಮೂಗು ಒರೆಸುತ್ತಿದ್ದಳು, ಜೊತೆಗೆ ಪಕ್ಕದ ಡೇರೆಯ ನಹೂಮನದ್ದೂ. ದೊಡ್ಡವಳಾದ ಮೇಲೆ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಈರುಳ್ಳಿ ಹೆಚ್ಚಿದಳು. ನೆಲಕ್ಕೆ ಕಲ್ಲು ಹಾಸುವ ಸಾಸ್ಸೋನನನ್ನು ಮದುವೆಯಾದಳು, ಬಿನ್ಯಾಮಿನ್ ಎಂಬ ಒಬ್ಬನೇ ಮಗನನ್ನು ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು. ಇಷ್ಟೆಲ್ಲದರ ನಡುವೆ ಅಕ್ಷರ ಕಲಿಯಲು ಪುರುಸೊತ್ತು ಸಿಗಲಿಲ್ಲ.

ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ ಅವಳ ಅಪ್ಪನಿಗೂ ಓದು ಬರುತ್ತಿರಲಿಲ್ಲ. ಆತ ಮಗಳಿಗೆ ಹೇಳಿಕೊಟ್ಟದ್ದು ಇಷ್ಟೇ: "ನೋಡು ಮಗಾ, ಓದು ಬಂದೋನು ಸ್ತುತಿ ಹೇಳ್ತಾನಲ್ಲ, ಅದು ಮೂಟೆ ಹೊತ್ಕೊಂಡು ಬಂದಂಗೆ. ಆಮೆನ್ ಅನ್ನೋದು ಅದನ್ನ ಇಳಿಸ್ಕೊಂಡಂಗೆ. ಇಳಿಸ್ಕೊಳ್ಳೋರು ಇಲ್ದಿದ್ರೆ ಅವನು ಹೊತ್ಕೊಂಡೇ ನಿಂತಿರ್ಬೇಕು, ಪಾಪ." ಹೀಗಾಗಿ ಸಲ್ಹಾಳ ಇಡೀ ಪ್ರಾರ್ಥನೆ ಎಂದರೆ ಆ ಒಂದು ಮಾತು. ಬೇರೆಯವರು ನೂರು ಪುಟದಲ್ಲಿ ಹಂಚುವ ಬಲವನ್ನೆಲ್ಲ ಅವಳು ಅದೊಂದಕ್ಕೇ ಹಾಕುತ್ತಿದ್ದಳು.

ಮಂದಿರಕ್ಕೂ ಅದು ಬೇಕಾಗಿತ್ತು. ಅಲ್ಲಿ ಪ್ರಾರ್ಥನೆ ನಡೆಸುವ ಮುರಾದಣ್ಣನದು ಹಬೆಯಂಥ ದನಿ. ಮೇಲೆ ಎರಡು ಫ್ಯಾನು ಗಡಗಡ ತಿರುಗುತ್ತಿದ್ದರೆ ಮೂರನೇ ಸಾಲಿನಿಂದಾಚೆ ಏನೂ ಕೇಳಿಸದು. ಸಲ್ಹಾಳ ಕುರ್ಚಿ ಸರಿಯಾಗಿ ಅವನ ತಲೆಯ ಮೇಲೆ. ಅವಳು ಆಮೆನ್ ಎಂದರೆ ಸ್ತುತಿ ಮುಗಿಯಿತು ಎಂದು ಅರ್ಥಮಾಡಿಕೊಂಡು ಇಡೀ ಸಭೆ "ಆಮೆನ್" ಎನ್ನುತ್ತಿತ್ತು. ನಲವತ್ತು ವರ್ಷ ಹೀಗೇ ನಡೆಯಿತು. ಗಂಡಸರು ನಿಶ್ಚಿಂತೆಯಿಂದ ಪಕ್ಕದವರ ಜೊತೆ ಮನೆ ಬಾಡಿಗೆ, ಮಂಡಿನೋವು ಮಾತಾಡಿಕೊಂಡಿರುತ್ತಿದ್ದರು.

ಸಲ್ಹಾಳ ಮೊಲದಂಥ ಕಿವಿ ಅವಳಿಗೆ ಅರವತ್ತೆಂಟು ದಾಟಿದ ಮೇಲೆ ಕೈಕೊಟ್ಟಿತು. ಓರ್ಲಿ ಕಿವಿಗೆ ಹಾಕುವ ಯಂತ್ರ ಕೊಡಿಸಿದಳು. ಅದು ಮಂದಿರದಲ್ಲಿ ಕುದಿಯುವ ಕೆಟಲಿನ ಹಾಗೆ ಸಿಳ್ಳೆ ಹೊಡೆದು, ಮುರಾದಣ್ಣ ಒಲೆ ಆರಿಸಲು ಎದ್ದು ಹೊರಟ ಮೇಲೆ, ಗುಂಡಿಗಳ ಡಬ್ಬಿ ಸೇರಿತು. ಅಂದಿನಿಂದ ಸಲ್ಹಾ ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿದಳು. ಸ್ತುತಿ ಮುಗಿಯುವಾಗ ಮುರಾದಣ್ಣನ ಎಡ ಭುಜ ಒಂದಿಷ್ಟು ಮೇಲೇಳುತ್ತಿತ್ತು. ಪರದೆಯ ಸಂದಿಯಿಂದ ಭುಜ ನೋಡುವುದು, ಆಮೆನ್ ಎನ್ನುವುದು. ಹತ್ತಕ್ಕೆ ಎಂಟು ಸಲ ಸರಿಹೋಗುತ್ತಿತ್ತು. ಉಳಿದೆರಡು ಸಲ ಮುರಾದಣ್ಣ ಶಾಲು ಸರಿಮಾಡಿಕೊಂಡಿರುತ್ತಿದ್ದ, ಅಷ್ಟೆ.

ಎಡವಟ್ಟಾದದ್ದು ಹೊಸ ವರ್ಷದ ಹಬ್ಬಕ್ಕೆ ಮುಂಚಿನ ಶನಿವಾರ, ಸಬ್ಬತ್ತಿನ ಪ್ರಾರ್ಥನೆಯಲ್ಲಿ.

ಪ್ರತಿ ವರ್ಷ ಆ ದಿನ ಗಬ್ಬಾಯಿ ನಹೂಮ ಓದುವ ಕಟ್ಟೆಯನ್ನು ಹತ್ತಿ, ಎರಡು ಕೈ ಜೋಡಿಸಿ ಒಂದೇ ಭಾಷಣ ಮಾಡುತ್ತಿದ್ದ: "ಮಹಾಜನಗಳೇ, ನನಗೂ ವಯಸ್ಸಾಯ್ತು. ಸೊಂಟ ಹಿಡೀತಿದೆ. ಈ ವರ್ಷ ಬೇರೆ ಯಾರಾದ್ರೂ ಗಬ್ಬಾಯಿ ಆಗ್ಲಿ." ಆಗ ಎಲ್ಲರೂ "ಛೆ ಛೆ, ಎಲ್ಲಾದ್ರೂ ಉಂಟಾ, ನೀವಿಲ್ದೆ ಮಂದಿರವೇ!" ಎನ್ನಬೇಕು. ಅವನು ಮೂರು ಸಲ ಬೇಡವೆಂದು, ನಾಲ್ಕನೇ ಸಲ ನಿಟ್ಟುಸಿರುಬಿಟ್ಟು ಒಪ್ಪಿಕೊಳ್ಳಬೇಕು. ಹದಿನೆಂಟು ವರ್ಷದ ಪದ್ಧತಿ ಅದು. ಆ ಸಲವೂ ನಹೂಮ ಹತ್ತಿದ. ಅವನ ಜೊತೆಗೆ ಮುರಾದಣ್ಣನೂ ಅಲ್ಲೇ ನಿಂತಿದ್ದ. "ಬೇರೆ ಯಾರಾದ್ರೂ ಆಗ್ಲಿ" ಎಂಬಲ್ಲಿಗೆ ಬರುವುದಕ್ಕೂ ಮುರಾದಣ್ಣನ ಭುಜಕ್ಕೆ ನೊಣ ಕೂರುವುದಕ್ಕೂ ಸರಿಹೋಯಿತು. ಭುಜ ಎದ್ದಿತು.

"ಆಮೆನ್!" ಎಂದಳು ಸಲ್ಹಾ.

"ಆಮೆನ್!" ಎಂದಿತು ಇಡೀ ಸಭೆ, ಬಾಡಿಗೆ ಮಂಡಿನೋವುಗಳ ಮಧ್ಯದಿಂದಲೇ.

ನಹೂಮನ ಜೋಡಿಸಿದ ಕೈ ಜೋಡಿಸಿದ ಹಾಗೇ ಉಳಿಯಿತು. ಆಮೇಲೆ ಜನ ಬಿದ್ದು ಬಿದ್ದು ನಕ್ಕರು, ಕ್ಷಮೆ ಕೇಳಿದರು, "ನೀವಿಲ್ದೆ ಉಂಟಾ" ಎಂದು ಹನ್ನೆರಡು ಸಲ ಹೇಳಿದರು. ಗಬ್ಬಾಯಿತನ ಅವನಲ್ಲೇ ಉಳಿಯಿತು. ಆದರೆ ನಗುತ್ತಾ ಹೇಳಿದ "ನೀವಿಲ್ದೆ ಉಂಟಾ"ಗೂ ನಗದೆ ಹೇಳಿದ್ದಕ್ಕೂ ಎಷ್ಟು ಅಂತರ ಎಂದು ಹದಿನೆಂಟು ವರ್ಷ ಕೇಳಿದವನಿಗೆ ಗೊತ್ತಿರುತ್ತದಲ್ಲ.

ಮರುದಿನ ಬೆಳಿಗ್ಗೆಯೇ ನಹೂಮ ಬಾಗಿಲು ತಟ್ಟಿದ. ಸಲ್ಹಾ ಗೋಧಿರವೆಯ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ, ನಡುವೆ ಮಾಂಸದ ಹೂರಣವಿಟ್ಟು ಕುಬ್ಬೆ ಉಂಡೆ ಕಟ್ಟುತ್ತಿದ್ದಳು. ತುಂಬು ಗರ್ಭಿಣಿ ಓರ್ಲಿ ಎದುರಿಗೆ ಕೂತು, ಹೊಟ್ಟೆಯ ಮೇಲೆಯೇ ತಟ್ಟೆ ಇಟ್ಟುಕೊಂಡು ಹೂರಣ ಅಳತೆ ಮಾಡಿಕೊಡುತ್ತಿದ್ದಳು.

"ಸಲ್ಹಕ್ಕ, ನಾನು ಜಗಳಕ್ಕೆ ಬಂದಿಲ್ಲ" ಎಂದ ನಹೂಮ, ಅವಳ ಕಿವಿಯ ಹತ್ತಿರ ಕೂಗಿ.

"ಹಂಗಾದ್ರೆ ಯಾಕೆ ಕೂಗ್ತೀಯ?"

"ಶಾಸ್ತ್ರ ಹೇಳೋಕೆ ಬಂದೆ. ಆಮೆನ್ ಅನ್ನೋರು ಸ್ತುತಿ ಹೇಳೋರಿಗಿಂತ ಗಟ್ಟಿಯಾಗಿ ಅನ್ಬಾರ್ದು, ಹಂಗಂತ ಇದೆ."

"ಮುರಾದಣ್ಣನಿಗಿಂತ ಮೆತ್ತಗೆ ಅನ್ಬೇಕು ಅಂದ್ರೆ ನಾನು ಸತ್ತಿರ್ಬೇಕು. ಶಾಸ್ತ್ರ ನನಗೂ ಗೊತ್ತು ಕಣೋ, ಅಪ್ಪ ಹೇಳಿದಾನೆ. ಬಲ ಎಲ್ಲಾ ಹಾಕಿ ಆಮೆನ್ ಅಂದೋರಿಗೆ ಸ್ವರ್ಗದ ಬಾಗಿಲು ತೆಗೀತಾರಂತೆ."

"ಅದು ಮನಸ್ಸಿನ ಬಲ, ಗಂಟಲಿನದ್ದಲ್ಲ!"

"ಬಾಗಿಲಿಗೆ ತುಕ್ಕು ಹಿಡಿದಿದ್ರೆ?"

ಓರ್ಲಿ ತಟ್ಟೆ ಅಲುಗುವಷ್ಟು ನಕ್ಕಳು. ನಹೂಮ ಬಿಡಲಿಲ್ಲ. "ಅವಸರದ ಆಮೆನ್ ಕೂಡದು. ತುಂಡು ಆಮೆನ್ ಕೂಡದು."

"ನಂದು ತುಂಡಲ್ಲ. ಎಳೆದು ಅಂತೀನಿ. ಎಳೆದು ಅಂದೋರಿಗೆ ಆಯಸ್ಸೂ ಎಳೀತಾರಂತೆ."

"ನೀನು ಎಳೆಯೋ ಎಳೆತಕ್ಕೆ ನಮ್ಮ ಆಯಸ್ಸು ಮುಗೀತಾ ಬಂತು! ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಗೊತ್ತಾ? ಅನಾಥ ಆಮೆನ್. ಯಾವ ಸ್ತುತಿ, ಯಾರ ಸ್ತುತಿ, ಏನೂ ತಿಳೀದೆ ಸುಮ್ನೆ ಗಾಳಿಗೆ ಬಿಡೋದು. ತಾಯಿ ತಂದೆ ಇಲ್ಲದ ಮಾತು ಅದು. ಅಂಥ ಆಮೆನ್ ಅಂದೋರ ಮಕ್ಕಳು ಅನಾಥರಾಗ್ತಾರಂತೆ. ನಾನು ಹೇಳ್ತಿಲ್ಲ, ಹಿರಿಯರು ಹೇಳಿದಾರೆ."

ಸಲ್ಹಾ ಮೊದಲಿಗೆ ನಕ್ಕಳು. "ಅಂದ್ರೆ ನಾನು ಸಾಯ್ತೀನಿ ಅಂತ ತಾನೆ? ಸಾಯ್ತೀನಿ ಬಿಡು, ಎಪ್ಪತ್ತಾಯ್ತು. ನನ್ನ ಮಗ ಮೂವತ್ತೊಂಬತ್ತರ ಬೋಳುತಲೆ ಅನಾಥ ಆಗ್ತಾನೆ, ನಗರಸಭೆ ಪಾರ್ಕಲ್ಲಿ ಗಿಡಕ್ಕೆ ನೀರು ಹಾಕ್ಕೊಂಡು ಅಳ್ತಾನೆ."

ನಹೂಮ ಹೋದ. ಸಲ್ಹಾ ಇನ್ನೂ ಆರು ಉಂಡೆ ಕಟ್ಟಿದಳು. ಏಳನೆಯದು ಕೈಯಲ್ಲೇ ನಿಂತಿತು. ಅವಳ ಕಣ್ಣು ಸೊಸೆಯ ಹೊಟ್ಟೆಯ ಮೇಲಿತ್ತು. ಎಂಟು ವರ್ಷ ಕಾದು, ಎರಡು ಸಲ ಕೈಗೆ ಬಂದದ್ದು ಜಾರಿ, ಮೂರನೆಯ ಸಲ ನಿಂತ ಬಸಿರು ಅದು. 'ಮಕ್ಕಳು' ಅಂದರೆ ಮೊಮ್ಮಕ್ಕಳೂ ಲೆಕ್ಕಕ್ಕೆ ಬರುತ್ತಾರೋ ಏನೋ. ಈ ಎರಡು ವರ್ಷದಲ್ಲಿ ಎಷ್ಟು ನೊಣಕ್ಕೆ, ಎಷ್ಟು ಶಾಲಿಗೆ ಆಮೆನ್ ಅಂದಿದ್ದಾಳೋ ಯಾರಿಗೆ ಗೊತ್ತು?

"ಇನ್ಮೇಲೆ ಅನ್ನಲ್ಲ" ಎಂದಳು.

"ಏನು ಅನ್ನಲ್ಲ, ಅತ್ತೆ?"

"ಅದನ್ನ."

ಅನ್ನಲಿಲ್ಲ. ಶುಕ್ರವಾರ ಸಂಜೆ ಬಿನ್ಯಾಮಿನ್ ದ್ರಾಕ್ಷಾರಸದ ಬಟ್ಟಲು ಎತ್ತಿ ಸ್ತುತಿ ಹೇಳಿ, ಕುಡಿಯಲು ಹೋಗಿ ನಿಂತ. ಅವ್ವ ಮೇಜಿನ ಬಟ್ಟೆಯನ್ನು ನೋಡುತ್ತಿದ್ದಳು. ಓರ್ಲಿ ಸಣ್ಣಗೆ "ಆಮೆನ್" ಎಂದಳು. ಬಿನ್ಯಾಮಿನ್ ಒಂದು ಗುಟುಕು ಕುಡಿದು, "ಹುಳಿಯಾಗಿದೆಯಾ ಇದು?" ಎಂದು ಬಾಟಲಿ ಮೂಸಿದ. ಎದುರು ಅಂಗಡಿಯವನು ಸೌತೆಕಾಯಿ ಹಿಡಿದುಕೊಂಡು ಕಿಟಕಿ ನೋಡಿ ನೋಡಿ ಕೊನೆಗೆ ಅದನ್ನು ಮಾರಿಬಿಟ್ಟ. ಮಂದಿರದಲ್ಲಂತೂ ಹೇಳುವುದೇ ಬೇಡ. ಅಟ್ಟದಿಂದ ಸೂಚನೆ ಇಲ್ಲದೆ, ಕೆಳಗಿನ ಆಮೆನ್‌ಗಳು ಬಾಣಲೆಯ ಜೋಳದ ಹಾಗೆ ಒಂದಿಲ್ಲಿ ಒಂದಲ್ಲಿ ಸಿಡಿದವು. ಒಬ್ಬ ಬೇಗ, ಇಬ್ಬರು ತಡ, ಒಬ್ಬ ನಿದ್ದೆಯಲ್ಲಿ. ಮುರಾದಣ್ಣ ಪ್ರತಿ ಸ್ತುತಿ ಮುಗಿಸಿ ಮೇಲೆ ನೋಡುತ್ತಿದ್ದ. ನಹೂಮ ಮಾತ್ರ ಗೋಡೆ ನೋಡುತ್ತಾ, "ಈಗ ಎಷ್ಟು ಶಾಂತವಾಗಿದೆ ನೋಡಿ" ಎನ್ನುತ್ತಿದ್ದ. ಯಾರೂ ನೋಡಲಿಲ್ಲ.

ಹಬ್ಬಗಳೆಲ್ಲ ಮುಗಿದ ವಾರ ಓರ್ಲಿಗೆ ಹೆರಿಗೆಯಾಯಿತು. ಗಂಡು ಮಗು. ಮೂರು ಕಿಲೋ ನಾನೂರು ಗ್ರಾಂ, ತಲೆ ತುಂಬ ಕೂದಲು. "ಅಪ್ಪನ ಪಾಲಿನದ್ದೂ ಇವನೇ ತಂದಿದಾನೆ" ಎಂದಳು ಸಲ್ಹಾ. ಎಂಟನೇ ದಿನ ಮಂದಿರದಲ್ಲಿ ಸುನ್ನತಿ, ಹೆಸರಿಡುವುದು. ಅಲ್ಲಿ ಮಗುವಿನ ಮೇಲೆ ಹೇಳುವ ಒಂದೊಂದು ಸ್ತುತಿಗೂ ಆಮೆನ್ ಬೀಳಬೇಕು. ಓಣಿಗೆಲ್ಲ ಗಂಟಲು ಕೊಟ್ಟವಳು ಸ್ವಂತ ಮೊಮ್ಮಗನಿಗೆ ಬಾಯಿ ಕಟ್ಟಿಕೊಂಡು ಕೂರುವುದೇ? ಆಮೆನ್ ಅಂದುಬಿಟ್ಟರೆ, ತಪ್ಪಿ ಎಲ್ಲಿ ಅನಾಥ ಆಮೆನ್ ಮಗುವಿನ ತಲೆಗೆ ಬೀಳುತ್ತದೋ. ಅನ್ನದಿದ್ದರೆ, ಅಜ್ಜಿ ಇದ್ದೂ ಮಗುವಿಗೆ ಅಜ್ಜಿಯ ಆಮೆನ್ ಇಲ್ಲ. ಸಲ್ಹಾ ಮಗುವಿನ ಬಟ್ಟೆ ಒಗೆದು ಹಿಂಡುವಾಗಲೂ ಇದನ್ನೇ ಹಿಂಡುತ್ತಿದ್ದಳು. ಒಂದು ಅಂಗಿಯ ತೋಳು ಕಿತ್ತೇ ಬಂತು.

ಓರ್ಲಿ ಅಳುವ ಅತ್ತೆಯನ್ನು ನೋಡಿದ್ದಳು, ಬೈಯುವ ಅತ್ತೆಯನ್ನು ನೋಡಿದ್ದಳು. ಸುಮ್ಮನಿರುವ ಅತ್ತೆಯನ್ನು ನೋಡಿ ಅವಳಿಗೆ ಎದೆಹಾಲು ಕಟ್ಟಿದ ಹಾಗಾಯಿತು. ನಾಲ್ಕನೇ ದಿನ ಮಗುವಿಗೆ ಹಾಲೂಡಿಸುತ್ತಲೇ ಗಂಡನನ್ನು ಕಳಿಸಿ ಮುರಾದಣ್ಣನನ್ನು ಮನೆಗೆ ಕರೆಸಿದಳು. ಎಂಬತ್ತಾರರ ಮುರಾದಣ್ಣ ಏದುಸಿರು ಬಿಡುತ್ತಾ ಬಂದು, ಚಹಾ ಕುಡಿದು, ವಿಷಯ ಕೇಳಿ ತೊಡೆ ತಟ್ಟಿಕೊಂಡ. ಅವನು ಪಿಸುಗುಟ್ಟಿದ್ದನ್ನು ಓರ್ಲಿ ಅತ್ತೆಯ ಕಿವಿಗೆ ಕೂಗಿ ಕೂಗಿ ದಾಟಿಸಿದಳು.

"ಅಯ್ಯೋ ಹುಚ್ಚಿ, ಅಲೆಕ್ಸಾಂಡ್ರಿಯಾದ ಕತೆ ಕೇಳಿಲ್ವಾ? ಹಿಂದೆ ಆ ಊರಲ್ಲಿ ನಮ್ಮೋರದ್ದು ಎಂಥಾ ಮಂದಿರ ಇತ್ತಂತೆ ಅಂದ್ರೆ, ಈ ತುದಿಯೋನು ಕೂಗಿದ್ರೆ ಆ ತುದಿಯೋನಿಗೆ ಕೇಳ್ತಿರ್ಲಿಲ್ಲ. ಅದಕ್ಕೆ ನಡುವೆ ಕಟ್ಟೆ ಮೇಲೆ ಒಬ್ಬ ನಿಂತು ಬಟ್ಟೆ ಬೀಸೋನು. ಸ್ತುತಿ ಮುಗೀತಿದ್ದಂಗೆ ಬೀಸಿದ, ಸಾವಿರಾರು ಜನ ಆಮೆನ್! ಒಬ್ಬನಿಗೂ ಕಿವಿಗೆ ಬಿದ್ದಿಲ್ಲ."

"ಅವೆಲ್ಲ ಅನಾಥ ಅಲ್ವಾ?" ಎಂದಳು ಸಲ್ಹಾ.

"ಅಲ್ಲ. ಯಾವ ಸ್ತುತಿ ನಡೀತಿದೆ ಅಂತ ಅವರಿಗೆ ಗೊತ್ತಿತ್ತಲ್ಲ. ಗೊತ್ತಿದ್ದು ಅಂದ್ರೆ ಅದಕ್ಕೆ ತಾಯಿ ತಂದೆ ಇದ್ದಂಗೇ. ಆಮೆನ್ ಅಂದ್ರೇನು? ನಿಜ, ನಂಬಿದೆ ಅಂತ. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ಹೆಬ್ಬೆಟ್ಟು ಒತ್ತೋದು. ಮಗು ಎತ್ತಿ ಸಾಕೋಳಿಗೆ ನಮ್ಮ ಹೀಬ್ರೂನಲ್ಲಿ ಒಂದು ಹಳೇ ಮಾತಿದೆ, ಅದೂ ಆಮೆನ್ ಹುಟ್ಟಿದ ಬೇರಿಂದಲೇ ಹುಟ್ಟಿದ್ದು. ನೀನು ಅನ್ಬಾರ್ದು ಅಂದ್ರೆ ಇನ್ಯಾರು ಅನ್ಬೇಕು?"

ಓರ್ಲಿ ಶಿಶುವಿಹಾರದಲ್ಲಿ ಮೂವತ್ತು ಮಕ್ಕಳನ್ನು ಸಾಲಾಗಿ ಶೌಚಕ್ಕೆ ಕರೆದೊಯ್ಯುವವಳು. ಅವಳಿಗೆ ಇಷ್ಟು ಸಾಕಾಯಿತು. ಸುನ್ನತಿಯ ಸ್ತುತಿಗಳನ್ನು ಕ್ರಮವಾಗಿ ಅತ್ತೆಯ ಬೆರಳುಗಳಿಗೆ ಹಚ್ಚಿದಳು. ಹೆಬ್ಬೆರಳು: ಮೋಹೆಲ್, ಅಂದರೆ ಸುನ್ನತಿ ಮಾಡುವವನು, ಹೇಳುವುದು. ತೋರುಬೆರಳು: ಅಪ್ಪ ಹೇಳುವುದು. ನಡುಬೆರಳು: ದ್ರಾಕ್ಷಾರಸ. ಉಂಗುರದ ಬೆರಳು: ಒಡಂಬಡಿಕೆಯದು. ಕಿರುಬೆರಳು: ಹೆಸರು. ಮಗುವಿನ ಬಾಯಿ ಒರೆಸುವ, ಬಾತುಕೋಳಿ ಚಿತ್ರದ ಹಳದಿ ಬಟ್ಟೆಯೊಂದನ್ನು ಮುರಾದಣ್ಣನ ಕೈಗೆ ಕೊಟ್ಟು, "ಸ್ತುತಿ ಮುಗಿದ ತಕ್ಷಣ ಬೀಸಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ" ಎಂದಳು.

ಮೂರು ದಿನ ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ತಾಲೀಮಿನ ಪರಿಣಾಮವೆಂದರೆ, ಎಲ್ಲಿ ಬಟ್ಟೆ ಅಲ್ಲಾಡಿದರೂ ಸಲ್ಹಾಳ ಬಾಯಿ ತೆರೆಯಲು ಶುರುವಾಯಿತು. ಪಕ್ಕದ ಮನೆಯವಳು ಮೇಜುಬಟ್ಟೆ ಕೊಡವಿದಾಗ ಒಂದು ಅರ್ಧ ಆಮೆನ್ ಹೊರಬಿದ್ದೇಬಿಟ್ಟಿತು. ಓಣಿಯ ಮೇಲೆ ಅಡ್ಡಡ್ಡ ಒಣಹಾಕಿದ ಪೈಜಾಮಗಳ ಕೆಳಗೆ ಹೋಗುವಾಗ ಅವಳು ಸೆರಗಿನಂತೆ ಶಾಲನ್ನು ಬಾಯಿಗೆ ಒತ್ತಿಕೊಂಡು, ನೆಲ ನೋಡಿಕೊಂಡು ನಡೆದಳು.

ನಹೂಮನಿಗೆ ಸಿಟ್ಟು ಇಳಿಯಲೆಂದು ಬಿನ್ಯಾಮಿನ್ ಒಂದು ಉಪಾಯ ಮಾಡಿದ. ಮಗುವನ್ನು ತೊಡೆಯ ಮೇಲೆ ಹಿಡಿದು ಕೂರುವ ದೊಡ್ಡ ಗೌರವವನ್ನು ಅವನಿಗೇ ಕೊಟ್ಟ. ನಹೂಮ ಮೂರು ಸಲ ಬೇಡವೆಂದು, ನಾಲ್ಕನೇ ಸಲ ನಿಟ್ಟುಸಿರುಬಿಟ್ಟು ಒಪ್ಪಿದ. "ಬಟ್ಟೆ ಬೀ‌ಸ್ತೀರೋ ಬಾವುಟ ಹಾರಿಸ್ತೀರೋ, ನಿಮ್ಮಿಷ್ಟ. ಒಂದು ಆಮೆನ್ ದಾರಿ ತಪ್ಪಿದ್ರೂ ನನ್ನ ಕೇಳ್ಬೇಡಿ" ಎಂದ.

ಎಂಟನೇ ದಿನ ಬೆಳಿಗ್ಗೆ ಮಂದಿರ ಕಿಕ್ಕಿರಿದಿತ್ತು. ಸಲ್ಹಾ ಮಗುವನ್ನು ಬಾಗಿಲವರೆಗೆ ಹೊತ್ತು ತಂದು ಗಂಡಸರ ಕೈಗೆ ಒಪ್ಪಿಸಿ, ಒಂದೊಂದೇ ಮೆಟ್ಟಿಲು ಹತ್ತಿ ತನ್ನ ಕುರ್ಚಿಯಲ್ಲಿ ಕೂತಳು. ಓರ್ಲಿ ನಡುವೆ ತೂತಿರುವ ದಿಂಬಿನ ಮೇಲೆ ಪಕ್ಕದಲ್ಲೇ ಕೂತು, ಶಾಲನ್ನು ಮುಖಕ್ಕೆ ಮುಚ್ಚಿ ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. "ಮುಗಿಯೋವರೆಗೂ ನಾನು ಇಲ್ಲಿಲ್ಲ, ಅತ್ತೆ. ನೀವು ಬಟ್ಟೆ ನೋಡ್ಕೊಳ್ಳಿ."

ಮೋಹೆಲ್ ಬೇರೆ ಬಡಾವಣೆಯವನು, ಕೈ ಚುರುಕು, ಮಾತು ಕಮ್ಮಿ. ನಹೂಮನ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಮಗು. ಸುತ್ತಿದ ಬಟ್ಟೆ ಬಿಚ್ಚಿದ್ದೇ ತಡ, ಗಂಡುಮಕ್ಕಳ ತಾಯಂದಿರೆಲ್ಲ ಬಲ್ಲ ಸಂಗತಿ ನಡೆಯಿತು. ತಣ್ಣನೆಯ ಗಾಳಿ ತಾಗಿತು, ಕಾರಂಜಿ ಎದ್ದಿತು. ಅದು ಸೀದಾ ನಹೂಮನ ಗಡ್ಡಕ್ಕೆ ಹೋಗಿ, ಅಲ್ಲಿ ತೃಪ್ತಿಯಾಗದೆ ಕನ್ನಡಕದವರೆಗೂ ಏರಿತು. ಎರಡೂ ಕೈಯಲ್ಲಿ ಮಗುವಿನ ಕಾಲು ಹಿಡಿದಿದ್ದ ನಹೂಮ ಅಲ್ಲಾಡುವಂತಿಲ್ಲ. ಮೃದು ಮನಸ್ಸಿನ ಮುರಾದಣ್ಣ ಹಿಂದೆಮುಂದೆ ಯೋಚಿಸದೆ ಕೈಲಿದ್ದ ಬಾತುಕೋಳಿ ಬಟ್ಟೆಯಿಂದ ಅವನ ಗಡ್ಡವನ್ನು ಒರೆಸತೊಡಗಿದ.

ಮೇಲೆ ಸಲ್ಹಾ ಕಂಡದ್ದು ಹಳದಿ ಬಟ್ಟೆ ಅಲ್ಲಾಡಿದ್ದು. ಬಾಯಿ ತೆರೆಯಿತು. ಎದೆಯವರೆಗೆ ಬಂದದ್ದನ್ನು ಅವಳು ಅಲ್ಲೇ ಹಿಡಿದಳು. ಹೆಬ್ಬೆರಳು ನೋಡಿಕೊಂಡಳು. ಮೋಹೆಲ್‌ನ ತುಟಿ ಇನ್ನೂ ಅಲುಗಿಲ್ಲ. ಸ್ತುತಿ ಇಲ್ಲ, ಆಮೆನ್ ಇಲ್ಲ. ಬಾಯಿ ಮುಚ್ಚಿದಳು. ಅಷ್ಟು ದೊಡ್ಡದನ್ನು ನುಂಗಿದ್ದಕ್ಕೆ ಬಿಕ್ಕಳಿಕೆ ಬಂತು.

ಈಗ ಮೋಹೆಲ್ ನಿಜವಾಗಿ ಸ್ತುತಿ ಹೇಳಿದ. ಮುಗಿಯಿತು. ಮುರಾದಣ್ಣ ಬಟ್ಟೆ ಎತ್ತಲು ಹೋಗಿ ನಿಂತ. ಒದ್ದೆ ಬಟ್ಟೆ, ಅದೂ ಎಂಥ ಒದ್ದೆ! ದೇವರ ಸ್ತುತಿಗೆ ಅದನ್ನು ಬೀಸುವುದು ಹೇಗೆ? ಮೆಲ್ಲನೆ ಕೋಟಿನ ಜೇಬಿಗೆ ತುರುಕಿದ.

ಬಟ್ಟೆ ಇಲ್ಲ. ಸಲ್ಹಾ ಸುಮ್ಮನಿದ್ದಳು. ಅವಳು ಸುಮ್ಮನಿದ್ದದ್ದಕ್ಕೆ ಸಭೆಯೂ ಸುಮ್ಮನಿತ್ತು. ಈ ಸಲ ಅಜ್ಜಿ ಅನ್ನುತ್ತಾಳೆಂದು ಓಣಿಗೆಲ್ಲ ಗೊತ್ತಾಗಿ, ಎಲ್ಲರೂ ಹಳೆಯ ಅಭ್ಯಾಸಕ್ಕೆ ಮರಳಿ ಮೇಲೆ ನೋಡುತ್ತಾ ನಿಂತಿದ್ದರು. ಸ್ತುತಿಗೂ ಅದರ ಕೆಲಸಕ್ಕೂ ನಡುವೆ ಆಮೆನ್ ಬಿಟ್ಟು ಬೇರೆ ಮಾತು ಯಾರೂ ಆಡುವ ಹಾಗಿಲ್ಲ. ಆಮೆನ್ ತಡವಾದರೆ ಅದೂ ಅನಾಥವಾಗುತ್ತದೆ. ಮೋಹೆಲ್ ಕತ್ತಿ ಹಿಡಿದು, ಇದೆಂಥ ಸಭೆಯಪ್ಪಾ ಎಂಬಂತೆ ಸುತ್ತ ನೋಡಿದ. ಮಗುವೂ ನೋಡಿತು.

ನಹೂಮ ಕತ್ತಿಯನ್ನೂ ಮಗುವನ್ನೂ ನೋಡಿದ. ಯಾರಾದರೂ ಅನ್ನಬೇಕಲ್ಲ, ತಾನೇ ಅಂದುಬಿಡೋಣವೆಂದು ಬಾಯಿ ತೆರೆದ. ದನಿ ಹೊರಡಲಿಲ್ಲ. ನಲವತ್ತು ವರ್ಷದಲ್ಲಿ ಅವನು ಒಮ್ಮೆಯೂ ಮೊದಲನೆಯವನಾಗಿ ಆಮೆನ್ ಅಂದವನಲ್ಲ. ಸಲ್ಹಕ್ಕನ ಹಿಂದೆ ಅಂದವನು. ಗಂಟಲಿಗೆ ದಾರಿಯೇ ಗೊತ್ತಿರಲಿಲ್ಲ. ಹಕ್ಕಿಮರಿ ಅವ್ವನಿಗೆ ಬಾಯಿ ತೆರೆದ ಹಾಗೆ, ತೊಟ್ಟಿಕ್ಕುವ ಗಡ್ಡವನ್ನು ಮೇಲೆತ್ತಿ, ಪರದೆಯ ಕಡೆಗೆ ಬಾಯಿ ಅಗಲಿಸಿದ. ಇನ್ನೂ ಅಗಲಿಸಿದ. ಚಿನ್ನದ ಹಲ್ಲು ಅಟ್ಟದವರೆಗೆ ಹೊಳೆಯಿತು.

ಸಲ್ಹಾ ಕಂಡಳು. ಹೆಬ್ಬೆರಳು ಮಡಿಸಿದಳು.

"ಆಮೆ-ಏ-ಏ-ಏನ್!"

ಒಂದು ತಿಂಗಳಿನಿಂದ ಒಳಗೆ ಕೂಡಿಟ್ಟದ್ದು. ಕಿಟಕಿಯ ಗಾಜು ಗುನುಗಿತು. ಕೆಳಗೆ ಸಭೆ ಅದರ ಮೇಲೆ ಮಗುಚಿಬಿದ್ದಂತೆ "ಆಮೆನ್!" ಎಂದಿತು. ಮೋಹೆಲ್ ಕೈ ಆಡಿಸಿದ. ಮಗು ಅತ್ತಿತು, ಸಲ್ಹಾಳಿಗೂ ಕೇಳಿಸುವಷ್ಟು. ಓರ್ಲಿ ಶಾಲಿನೊಳಗೇ ಅತ್ತಳು. ಅಲ್ಲಿಂದ ಮುಂದೆ ಬಟ್ಟೆಯ ಅಗತ್ಯವೇ ಬೀಳಲಿಲ್ಲ. ಒಂದೊಂದು ಸ್ತುತಿ ಮುಗಿದಾಗಲೂ ನಹೂಮ ಗಡ್ಡ ಎತ್ತಿ ಬಾಯಿ ತೆರೆದ, ಸಲ್ಹಾ ಬೆರಳು ಮಡಿಸಿ ಆಮೆನ್ ಎಂದಳು. ಕಿರುಬೆರಳೂ ಮಡಿಸಿ ಮುಷ್ಟಿಯಾಯಿತು. ಹೆಂಗಸರು ನಾಲಿಗೆ ಹೊರಳಿಸಿ ಕಿಲಿಲಿಲಿ ಎಂದರು, ಮಿಠಾಯಿ ಎರಚಿದರು, ಪನ್ನೀರು ಚಿಮುಕಿಸಿದರು. ನಹೂಮನಿಗೆ ಎರಡು ಸಲ ಚಿಮುಕಿಸಿದರು.

ಅಂಗಳದಲ್ಲಿ ಊಟ. ಹುಳಿ ಸಾರಿನಲ್ಲಿ ಕುಬ್ಬೆ, ಅಕ್ಕಿ ತುಂಬಿ ಸುತ್ತಿದ ದ್ರಾಕ್ಷಿ ಎಲೆ, ಖರ್ಜೂರದ ಕಡುಬು. ಎಲ್ಲರೂ ಬಂದು ಸಲ್ಹಾಳ ಕೆನ್ನೆಗೆ ಮುತ್ತಿಟ್ಟು, "ಎಂಥಾ ಹೆಸರು ಅಜ್ಜಿ, ಎಂಥಾ ಹೆಸರು!" ಎಂದರು. ಆಗ ಅವಳಿಗೆ ಹೊಳೆಯಿತು. ಹೆಸರನ್ನು ಸುನ್ನತಿಯವರೆಗೆ ಯಾರಿಗೂ ಹೇಳುವುದಿಲ್ಲ. ಮಗನೂ ಸೊಸೆಯೂ ಗುಟ್ಟಾಗಿಟ್ಟಿದ್ದರು. ಕೂಗಿ ಹೇಳಿದ್ದು ಮೋಹೆಲ್. ಅವಳು ನೋಡಿದ್ದು ನಹೂಮನ ಬಾಯಿ.

ತರಕಾರಿ ಅಂಗಡಿಯವನನ್ನು ಮೂಲೆಗೆ ಎಳೆದು, "ಹೆಸರು ಹೆಂಗಿದೆ ಅನ್ಸುತ್ತೆ ನಿಂಗೆ?" ಎಂದು ಉಪಾಯವಾಗಿ ಕೇಳಿದಳು.

"ಹೊಸ ಥರ ಇದೆ ಅಜ್ಜಿ, ಚೆನ್ನಾಗಿದೆ."

ಪ್ರಯೋಜನವಾಗಲಿಲ್ಲ. ಮುರಾದಣ್ಣನನ್ನು ಕೇಳಿದಳು. ಅವನು ಖುಷಿಯಿಂದ ಹೇಳಿದ, ಅವನ ದನಿಯಲ್ಲಿ. ಅದೂ ಪ್ರಯೋಜನವಾಗಲಿಲ್ಲ. ನಹೂಮನ ಹತ್ತಿರ ಸುಳಿಯಲೇ ಇಲ್ಲ. ಕೊನೆಗೆ ಮಗುವನ್ನು ಎತ್ತಿಕೊಂಡಿದ್ದ ಓರ್ಲಿಯ ಪಕ್ಕ ಹೋಗಿ ಕೂತಳು.

"ಒಂದ್ ಮಾತು ಕೇಳ್ತೀನಿ, ಬೈಬಾರ್ದು. ಏನು ಹೆಸರಿಟ್ರಿ?"

"ಅತ್ತೆ! ಎಲ್ಲರಿಗಿಂತ ಮೊದ್ಲು ನೀವೇ ಆಮೆನ್ ಅಂದ್ರಲ್ಲ!"

"ಅಂದೆ. ಹೆಸರಿನ ಸರದಿ ಅಂತ ಬೆರಳಿಗೆ ಗೊತ್ತಿತ್ತು. ಹೆಸರು ಕಿವಿಗೆ ಬೀಳ್ಲಿಲ್ಲ. ನೀವಿಬ್ರೂ ಕೆಟ್ಟದ್ದೇನೂ ಇಟ್ಟಿರಲ್ಲ ಅಂತ ನಂಬಿ ಅಂದೆ."

ಓರ್ಲಿ ಅವಳ ಕಿವಿಗೆ ತುಟಿ ಒತ್ತಿ ಹೇಳಿದಳು. ಇನ್ನೊಮ್ಮೆ ಹೇಳಿದಳು. ಮೂರನೇ ಸಲ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು: "ಇತಾಮಾರ್!"

ಸಲ್ಹಾ ಹೆಸರನ್ನು ಬಾಯಲ್ಲಿ ಇಟ್ಟುಕೊಂಡು ನಿಧಾನವಾಗಿ ಅಗಿದಳು. ಓರ್ಲಿಗೆ ದಿಗಿಲಾಯಿತು. "ಮಾವನ ಹೆಸರು ಇಡ್ಬೇಕಿತ್ತು ಅಂತ ಬೇಜಾರಾಯ್ತಾ?"

"ಸಾಸ್ಸೋನ್, ಸಾಸ್ಸೋನ್ ಅಂತ ಮೂವತ್ತೈದು ವರ್ಷ ಕೂಗಿದೀನಿ ಕಣೇ. ಒಂದ್ ಸಲಾನೂ ಮೊದಲ್ನೇ ಕೂಗಿಗೆ ತಿರುಗಿ ನೋಡ್ಲಿಲ್ಲ ಆ ಪುಣ್ಯಾತ್ಮ. ಇದು ಹೆಂಗೆ ಕೆಲ್ಸ ಮಾಡುತ್ತೋ ನೋಡೇ ಬಿಡೋಣ."

ಮಗುವನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡಳು, ಉಸಿರು ಎಳೆದುಕೊಂಡಳು. ಓರ್ಲಿ ತಡೆಯಲು ಕೈ ಚಾಚುವಷ್ಟರಲ್ಲಿ ಹೆಸರು ಹೊರಟಾಗಿತ್ತು. ಆ ತುದಿಯಲ್ಲಿ ಕುಬ್ಬೆ ತಟ್ಟೆ ಹಿಡಿದು ನಿಂತಿದ್ದ ನಹೂಮ ಬೆಚ್ಚಿ ಸಾರನ್ನು ಅಂಗಿಯ ಮೇಲೆ ಚೆಲ್ಲಿಕೊಂಡ. ನಿದ್ದೆಗೆ ಜಾರುತ್ತಿದ್ದ ಮಗು ಒಂದೇ ಒಂದು ಕಣ್ಣು ತೆರೆದು, ಕೂಗಿದ್ದು ಯಾರೆಂದು ನೋಡಿತು.

"ತಿರುಗಿ ನೋಡ್ದ!" ಎಂದಳು ಸಲ್ಹಾ. "ಮೊದಲ್ನೇ ಕೂಗಿಗೇ ನೋಡ್ದ ಕಣೇ, ಓರ್ಲಿ!"